ಬಿಸಿಲ ನಾಡಿನ ರಜೆ ಮತ್ತು ಉಮ್ಮನ ಇನ್ಸುಲಿನ್



ಏಪ್ರಿಲ್ ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ತಕ್ಕಡಿ ಹೊರಗೆ ಬರುತ್ತದೆ. ಮಕ್ಕಳ ರಜೆಯಲ್ಲಿ ಗಲ್ಫ್‌ಗೆ, ಗಂಡನ ಬಳಿಗೋ ಮಗನ ಬಳಿಗೋ ಹೊರಟವರು ಸೂಟ್‌ಕೇಸನ್ನು ತೂಗಿ ತೂಗಿ ತುಂಬಿಸುತ್ತಾರೆ. ಹಪ್ಪಳ ಎಷ್ಟು, ಉಪ್ಪಿನಕಾಯಿ ಎಷ್ಟು, ಒಣ ಸಿಗಡಿಯ ವಾಸನೆ ಹೊರಗೆ ಬಾರದಂತೆ ಎಷ್ಟು ಪ್ಲಾಸ್ಟಿಕ್ ಸುತ್ತಬೇಕು, ಎಲ್ಲದಕ್ಕೂ ಲೆಕ್ಕವಿದೆ. ಆದರೆ ಹೊರಟವರಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬರಿದ್ದರೆ, ಆ ಔಷಧ ದಾರಿಯಲ್ಲಿ ಎಲ್ಲಿರಬೇಕು, ಬಿಸಿಲಲ್ಲಿ ಅದನ್ನು ಹೇಗೆ ಕಾಪಾಡಬೇಕು ಎಂದು ಯಾರಾದರೂ ಯೋಚಿಸುತ್ತಾರೆಯೇ? ನಮ್ಮ ಮನೆಯಲ್ಲಿ ಯೋಚಿಸಲಿಲ್ಲ. ಅದರಿಂದ ಕಲಿತ ಪಾಠವನ್ನು ಈ ತಿಂಗಳು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

2023ರ ಮೇ ತಿಂಗಳಲ್ಲಿ ಉಮ್ಮನನ್ನು ಕರೆದುಕೊಂಡು ದಮ್ಮಾಮ್‌ನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಉಮ್ಮನಿಗೆ ಆಗ ಅರವತ್ತೆರಡು ವರ್ಷ. ಬೆಳಿಗ್ಗೆ ಮತ್ತು ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಲು ತೊಡಗಿ ಒಂಬತ್ತು ವರ್ಷಗಳಾಗಿದ್ದವು. ತಮ್ಮನಿಗೆ ಹೊಸದಾಗಿ ಮದುವೆಯಾಗಿತ್ತು. ಅವನ ಹೆಂಡತಿಯ ತಂದೆ ತಾಯಿಯೂ ಅದೇ ಸಮಯಕ್ಕೆ ಅಲ್ಲಿಗೆ ಬಂದಿದ್ದರು. ವಿಮಾನ ಇಳಿಯುವ ಮೊದಲೇ ಉಮ್ಮ ನನ್ನ ಕಿವಿಯಲ್ಲಿ ಹೇಳಿದರು, "ಅವರ ಮುಂದೆ ಸೂಜಿಯ ಸುದ್ದಿ ತೆಗೆಯಬೇಡ. ಸಂಬಂಧ ಹೊಸದು. ಏನೆಂದುಕೊಂಡಾರು?" ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನನ್ನ ಮೊದಲ ತಪ್ಪು.

ಒಂದು ಶುಕ್ರವಾರ ಎಲ್ಲರೂ ಸೇರಿ ಅಲ್ ಅಹ್ಸಾಕ್ಕೆ ಹೊರಟೆವು. ದಮ್ಮಾಮ್‌ನಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಮರಳುಗಾಡಿನ ನಡುವೆ ಕಣ್ಣು ಹಾಯುವವರೆಗೂ ಖರ್ಜೂರದ ತೋಟ. 2018ರಲ್ಲಿ ಯುನೆಸ್ಕೋ ಈ ಓಯಸಿಸನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಅಲ್ ಕಾರಾ ಬೆಟ್ಟದ ಗುಹೆಗಳು ಬೇಸಿಗೆಯಲ್ಲೂ ತಂಪಾಗಿರುತ್ತವೆ ಎಂದು ತಮ್ಮ ಹೇಳಿದ್ದ. ಬೇಗ ಹೊರಡುವ ಗಡಿಬಿಡಿಯಲ್ಲಿ ಉಮ್ಮ ಬಚ್ಚಲುಮನೆಯಲ್ಲಿ ಎಂದಿನಷ್ಟೇ ಇನ್ಸುಲಿನ್ ಚುಚ್ಚಿಕೊಂಡರು. ಆದರೆ ತಿಂದದ್ದು ಒಂದೇ ಒಂದು ನೀರುದೋಸೆ. ಪೆನ್ನನ್ನು ಒಂದು ಪುಟ್ಟ ಚೀಲದಲ್ಲಿಟ್ಟು ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟರು, ಯಾರ ಕಣ್ಣಿಗೂ ಬೀಳಬಾರದೆಂದು.

ಬೆಟ್ಟದ ಬುಡದಲ್ಲಿ ನಡೆಯುವಾಗ ಗಂಟೆ ಹನ್ನೊಂದು ದಾಟಿತ್ತು. ಉಮ್ಮನ ಮುಖ ಬೆವರಿನಿಂದ ತೊಯ್ದುಹೋಯಿತು, ಕೈ ನಡುಗಿತು. "ಪಾಪ, ಇಲ್ಲಿನ ಬಿಸಿಲು ಅಭ್ಯಾಸವಿಲ್ಲ" ಎಂದು ಎಲ್ಲರೂ ನೆರಳಿಗೆ ಕರೆತಂದರು, ನೀರು ಕುಡಿಸಿದರು. ನಾನೂ "ಬಿಸಿಲಿಗೆ ಹೀಗಾಗಿದೆ" ಎನ್ನುತ್ತಾ ಶಾಲಿನ ಅಂಚಿನಿಂದ ಗಾಳಿ ಹಾಕಿದೆ. ಉಮ್ಮ ನನ್ನನ್ನೇ ನೋಡುತ್ತಿದ್ದರು, ಆದರೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರು ನನ್ನನ್ನು ಎಂದೋ ತೀರಿಕೊಂಡ ತಮ್ಮ ಅಕ್ಕನ ಹೆಸರಿನಿಂದ ಕರೆದು, "ಕರು ಬಿಚ್ಚಿಕೊಂಡಿದೆ, ಕಟ್ಟು" ಎಂದಾಗ ನನ್ನ ಎದೆ ಧಸಕ್ಕೆಂದಿತು. ಅವರ ಕೈಚೀಲದಲ್ಲಿದ್ದ ಮೀಟರ್ ತೆಗೆದು ಎಲ್ಲರ ಮುಂದೆಯೇ ಬೆರಳು ಚುಚ್ಚಿ ನೋಡಿದೆ. 46!

ಪಕ್ಕದಲ್ಲಿದ್ದ ಮಗುವಿನ ಕೈಯಿಂದ ಮಾವಿನ ಜ್ಯೂಸಿನ ಪೊಟ್ಟಣ ಕಿತ್ತುಕೊಂಡು ಉಮ್ಮನಿಗೆ ಗುಟುಕು ಗುಟುಕಾಗಿ ಕುಡಿಸಿದೆ. ಹದಿನೈದು ನಿಮಿಷಗಳ ಬಳಿಕ 78ಕ್ಕೆ ಬಂತು. ಅಲ್‌ಹಮ್ದುಲಿಲ್ಲಾಹ್, ಅಂದು ಅಲ್ಲಿಗೆ ಮುಗಿಯಿತು. ಆದರೆ ಕತೆ ಮುಗಿಯಲಿಲ್ಲ. ಪೆನ್ನು ಬೆಳಿಗ್ಗೆಯಿಂದ ಮಗ್ರಿಬ್‌ವರೆಗೆ ಕಾದ ಕಾರಿನೊಳಗೇ ಇತ್ತು. ರಾತ್ರಿ ಅದೇ ಪೆನ್ನಿನಿಂದ ಚುಚ್ಚಿಕೊಂಡರು. ಮರುದಿನ ಶುಗರ್ 310, ಅದರ ಮರುದಿನ 340. ಊರಿನ ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಏನು ತಿಂದರು?" ಎಂದಲ್ಲ, "ಪೆನ್ನು ಎಲ್ಲಿತ್ತು?" ಎಂದು. ಫ್ರಿಜ್‌ನಲ್ಲಿದ್ದ ಹೊಸ ಪೆನ್ನು ತೆಗೆದ ಮೇಲೆ ಸಕ್ಕರೆ ಹತೋಟಿಗೆ ಬಂತು.

ನೋಡಿ ಸಹೋದರಿಯರೇ, ಒಂದೇ ಬಿಸಿಲು ಮಧ್ಯಾಹ್ನ ಉಮ್ಮನ ಸಕ್ಕರೆಯನ್ನು ಕೆಳಗೆ ತಳ್ಳುವುದರಲ್ಲಿ ಪಾಲುಗೊಂಡಿತು, ರಾತ್ರಿಯಿಂದ ಮೇಲಕ್ಕೆ ಏರಿಸಿತು. ಇದು ಹೇಗೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಎಚ್ಚರಿಕೆ ತಾನಾಗಿಯೇ ಬರುತ್ತದೆ.

ಬಿಸಿಲು ಮಾಡುವ ಎರಡು ಕೆಲಸ

ಬಿಸಿಲಲ್ಲಿ ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗುತ್ತವೆ. ಆಗ ಚುಚ್ಚಿದ ಇನ್ಸುಲಿನ್ ಎಂದಿಗಿಂತ ಬೇಗ ರಕ್ತಕ್ಕೆ ಸೇರುತ್ತದೆ. ಜೊತೆಗೆ ನಡಿಗೆ ಹೆಚ್ಚಿ, ಊಟ ಕಡಿಮೆಯಾದರೆ ಸಕ್ಕರೆ ಸರ್ರನೆ ಇಳಿಯುತ್ತದೆ. ಚುಚ್ಚಿಕೊಂಡ ಕೂಡಲೇ ಬಿಸಿನೀರಿನ ಸ್ನಾನ ಮಾಡಿದರೂ ಹೀಗೆಯೇ. ಹೆಚ್ಚು ನಡೆಯುವ ದಿನ ತೊಡೆಗೆ ಚುಚ್ಚುವುದಕ್ಕಿಂತ ಹೊಟ್ಟೆಗೆ ಚುಚ್ಚುವುದು ಲೇಸು. ನಡೆಯುವ ಕಾಲಿನಿಂದ ಔಷಧ ಇನ್ನೂ ಬೇಗ ಹೀರಲ್ಪಡುತ್ತದೆ.

ಎರಡನೆಯದು ಔಷಧದ ಮೇಲೆ ಮಾಡುವ ಕೆಲಸ. ಇನ್ಸುಲಿನ್ ಒಂದು ಪ್ರೋಟೀನ್. ಮೊಟ್ಟೆಯ ಬಿಳಿಯೂ ಪ್ರೋಟೀನೇ. ಕಾವಲಿಯ ಮೇಲೆ ಬಿದ್ದ ಬಿಳಿಭಾಗ ಮತ್ತೆ ಮೊದಲಿನಂತೆ ಆಗುತ್ತದೆಯೇ? ಹಾಗೆಯೇ ಬಿಸಿಗೆ ಕೆಟ್ಟ ಇನ್ಸುಲಿನನ್ನು ಮತ್ತೆ ಫ್ರಿಜ್‌ನಲ್ಲಿಟ್ಟರೆ ಸರಿಯಾಗುವುದಿಲ್ಲ. ಹೊರಗೆ 35 ಡಿಗ್ರಿ ಇದ್ದಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದೇ ಗಂಟೆಯಲ್ಲಿ 45 ಡಿಗ್ರಿ ದಾಟುತ್ತದೆ. ಡ್ಯಾಶ್‌ಬೋರ್ಡಿನ ಬಳಿ ಇನ್ನೂ ಹೆಚ್ಚು. ಮೇ ತಿಂಗಳ ಅಲ್ ಅಹ್ಸಾದಲ್ಲಿ ಹೊರಗೇ 40 ಡಿಗ್ರಿ ಮೀರಿರುವಾಗ ಆ ಪುಟ್ಟ ಚೀಲದ ಗತಿ ಏನಾಗಿರಬಹುದು, ನೀವೇ ಊಹಿಸಿ.

ಹಾಗೆಂದು ಹೆದರಿ, ಒಂದು ಗಂಟೆ ಫ್ರಿಜ್‌ನಿಂದ ಹೊರಗಿದ್ದ ಔಷಧವನ್ನೆಲ್ಲ ಎಸೆಯಬೇಕಾಗಿಲ್ಲ. ಕೀನ್ಯಾದ ದಗಹಲೆ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ಫ್ರಿಜ್ ಇರಲಿಲ್ಲ. ಅಲ್ಲಿನಂತೆ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಉಷ್ಣತೆಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ಕೆಡಲಿಲ್ಲವೆಂದು ಗಡಿಗಳಿಲ್ಲದ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದ ತಜ್ಞರು 2021ರಲ್ಲಿ ಪ್ರಕಟಿಸಿದರು. ನೇರ ಬಿಸಿಲು, ಮುಚ್ಚಿದ ಕಾರು, ಒಲೆಯ ಪಕ್ಕದ ಕಪಾಟು, ಇವು ನಿಜವಾದ ಶತ್ರುಗಳು.

ಹೊರಡುವ ಮೊದಲು

ಮೂರು ನಾಲ್ಕು ವಾರ ಮುಂಚೆಯೇ ಡಾಕ್ಟರನ್ನು ಕಾಣಿ. ಎಲ್ಲಿಗೆ, ಎಷ್ಟು ದಿನ, ಎಷ್ಟು ನಡಿಗೆ ಎಂದು ಹೇಳಿ. ಡೋಸ್ ಹೆಚ್ಚು ಕಡಿಮೆ ಮಾಡುವುದು ಅವರ ಕೆಲಸ, ನಮ್ಮ ನಿಮ್ಮ ಕೆಲಸವಲ್ಲ. ಔಷಧದ ಹೆಸರು, ಪ್ರಮಾಣ, ಸೂಜಿಯ ಅಗತ್ಯ ಇವುಗಳನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಬೇಕಾದುದರ ಎರಡರಷ್ಟು ಔಷಧ, ಸೂಜಿ, ಸ್ಟ್ರಿಪ್ ಒಯ್ಯಿರಿ.

ಬಾಟಲಿ ಮತ್ತು ಸಿರಿಂಜ್ ಬಳಸುವವರು ಈ ಒಂದು ಮಾತನ್ನು ದಯವಿಟ್ಟು ಎರಡು ಬಾರಿ ಓದಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವ ಬಾಟಲಿಯ ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಗಲ್ಫ್‌ನಲ್ಲಿ ಸಿಗುವುದು 100 ಯೂನಿಟ್‌ನದು. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಔಷಧ ಮುಗಿಯಿತೆಂದು ಅಲ್ಲಿನ ಬಾಟಲಿ ಕೊಂಡು ಊರಿನ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 20 ಅಲ್ಲ, 50 ಯೂನಿಟ್! ಪ್ರಾಣಕ್ಕೇ ಅಪಾಯ. ಬಾಟಲಿಗೆ ತಕ್ಕ ಸಿರಿಂಜನ್ನೇ ಕೊಳ್ಳಿ. ಪೆನ್ನು ಬಳಸುವವರಿಗೆ ಈ ಗೊಂದಲ ಕಡಿಮೆ. ಆದರೆ ಪೆನ್ನಿನ ಔಷಧವನ್ನು ಸಿರಿಂಜಿನಲ್ಲಿ ಎಳೆಯಬೇಡಿ.

ವಿಮಾನದಲ್ಲಿ

ಇನ್ಸುಲಿನ್ ನಿಮ್ಮ ಕೈಚೀಲದಲ್ಲೇ ಇರಲಿ. ಹಪ್ಪಳದ ಸೂಟ್‌ಕೇಸಿನಲ್ಲಿ ಬೇಡ. ಸರಕಿನ ಜಾಗದಲ್ಲಿ ಹೆಪ್ಪುಗಟ್ಟಬಹುದು, ಸೂಟ್‌ಕೇಸೇ ಬೇರೆ ಊರಿಗೆ ಹೋಗಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಬಾರದು. ತಪಾಸಣೆಯವರಿಗೆ ಸೂಜಿ ಇದೆಯೆಂದು ಮೊದಲೇ ಹೇಳಿ, ಡಾಕ್ಟರ ಚೀಟಿ ತೋರಿಸಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಊಟದ ತಟ್ಟೆ ಮುಂದೆ ಬಂದ ಮೇಲೆಯೇ ಚುಚ್ಚಿಕೊಳ್ಳಿ. ಗಾಡಿ ಹಿಂದಿನ ಸಾಲಿನಲ್ಲಿದೆ, ಇನ್ನೇನು ಬರುತ್ತದೆ ಎಂದು ಮೊದಲೇ ಚುಚ್ಚಿಕೊಂಡು ಕಾಯುವುದು ಬೇಡ. ಸೌದಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ, ದುಬೈಯದು ಒಂದೂವರೆ ಗಂಟೆ ಹಿಂದೆ. ಮೊದಲ ದಿನ ರಾತ್ರಿಯ ಊಟ ಅಷ್ಟು ತಡವಾಗುತ್ತದೆ. ಆ ದಿನದ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಡಾಕ್ಟರಲ್ಲಿ ಕೇಳಿಡಿ. ನಡುವೆ ತಿನ್ನಲು ಬಿಸ್ಕತ್ತೋ ಬ್ರೆಡ್ಡೋ ಕೈಯಲ್ಲಿರಲಿ.

ಫ್ರಿಜ್, ಫ್ಲಾಸ್ಕ್, ಒದ್ದೆ ಚೀಲ

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್‌ನ ಬಾಗಿಲಿನಲ್ಲೋ ನಡುವಿನ ತಟ್ಟೆಯಲ್ಲೋ ಇಡಿ. ಐಸ್ ಆಗುವ ಪೆಟ್ಟಿಗೆಯ ಹತ್ತಿರವೂ ಬೇಡ. ಬಳಕೆಯಲ್ಲಿರುವ ಪೆನ್ನಿಗೆ ಫ್ರಿಜ್ ಬೇಕಾಗಿಲ್ಲ. 30 ಡಿಗ್ರಿಯೊಳಗಿನ ಕೋಣೆ ಸಾಕು. ಹೆಚ್ಚಿನವು ತೆರೆದ ಮೇಲೆ 28 ದಿನ ಬರುತ್ತವೆ. ನಿಮ್ಮದು ಎಷ್ಟು ದಿನವೆಂದು ಪೊಟ್ಟಣದ ಕಾಗದ ನೋಡಿ, ತೆರೆದ ದಿನಾಂಕವನ್ನು ಪೆನ್ನಿನ ಮೇಲೆ ಅಂಟಿಸಿ. ಚುಚ್ಚಿಕೊಂಡ ಮೇಲೆ ಸೂಜಿ ತೆಗೆದಿಡಿ. ಇಲ್ಲದಿದ್ದರೆ ಬಿಸಿ ಮತ್ತು ತಂಪಿನ ಏರಿಳಿತಕ್ಕೆ ಒಳಗೆ ಗಾಳಿಯ ಗುಳ್ಳೆ ಸೇರುತ್ತದೆ.

ಹೊರಗೆ ಸುತ್ತುವಾಗ ಅಗಲ ಬಾಯಿಯ ಫ್ಲಾಸ್ಕಿಗೆ ಸ್ವಲ್ಪ ಹೊತ್ತು ಐಸ್ ನೀರು ತುಂಬಿಸಿ ಚೆಲ್ಲಿ, ಒರೆಸಿ, ಪೆನ್ನನ್ನು ಬಟ್ಟೆಯಲ್ಲಿ ಸುತ್ತಿ ಅದರಲ್ಲಿಡಬಹುದು. ಐಸ್ ಮಾತ್ರ ಪೆನ್ನಿಗೆ ತಾಗಬಾರದು. ನೀರಲ್ಲಿ ನೆನೆಸಿ ಬಳಸುವ ಚೀಲಗಳೂ ಔಷಧದಂಗಡಿಗಳಲ್ಲಿ ಸಿಗುತ್ತವೆ. ನಮ್ಮ ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುತ್ತದಲ್ಲವೇ, ಅದೇ ತತ್ವ. ನೀರು ಆವಿಯಾಗುವಾಗ ಒಳಗೆ ತಂಪು. ಆದ್ದರಿಂದ ಆ ಚೀಲಕ್ಕೆ ಗಾಳಿ ಬೇಕು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ರಿಯಾದ್, ಅಲ್ ಅಹ್ಸಾದಂಥ ಒಣಗಾಳಿಯ ಊರುಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಜಿದ್ದಾ, ದುಬೈ, ನಮ್ಮ ಮಂಗಳೂರಿನಂಥ ಬೆವರಿನ ಕರಾವಳಿಯಲ್ಲಿ ಅಷ್ಟಾಗಿ ಇಲ್ಲ.

ಚುಚ್ಚುವ ಮೊದಲು ಔಷಧವನ್ನು ಬೆಳಕಿಗೆ ಹಿಡಿದು ನೋಡಿ. ತಿಳಿಯಾಗಿರಬೇಕಾದದ್ದು ಮಬ್ಬಾಗಿದ್ದರೆ, ಹಾಲಿನಂತಿರಬೇಕಾದದ್ದು ಹೊರಳಿಸಿದ ಮೇಲೂ ಗಂಟುಗಂಟಾಗಿದ್ದರೆ ಬೇಡ. ಕೆಲವೊಮ್ಮೆ ಕೆಟ್ಟದ್ದೂ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಊಟದಲ್ಲಿ ವ್ಯತ್ಯಾಸವಿಲ್ಲದೆ ಸಕ್ಕರೆ ಏರಿದರೆ ಮೊದಲು ಪೆನ್ನು ಬದಲಾಯಿಸಿ. ಆಮೇಲೂ ಇಳಿಯದಿದ್ದರೆ, ವಾಂತಿ ತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಊಟ ಸೇರುವುದಿಲ್ಲವೆಂದು ಇನ್ಸುಲಿನನ್ನು ನೀವಾಗಿಯೇ ನಿಲ್ಲಿಸಬೇಡಿ.

ಮೀಟರ್ ಮತ್ತು ಸ್ಟ್ರಿಪ್‌ಗೂ ಬಿಸಿಲು ಆಗದು. ಖರ್ಜೂರ, ಮಾವು ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಇಲ್ಲದ ಸಕ್ಕರೆಯನ್ನು ಮೀಟರ್ ತೋರಿಸುತ್ತದೆ ಎಂಬುದೂ ನೆನಪಿರಲಿ.

ಬಿಸಿಲೋ, ಸಕ್ಕರೆಯೋ?

ಬಿಸಿಲಿನ ಬಳಲಿಕೆಗೂ ಸಕ್ಕರೆ ಇಳಿದದ್ದಕ್ಕೂ ಗುರುತುಗಳು ಒಂದೇ: ಬೆವರು, ನಡುಕ, ತಲೆಸುತ್ತು. ನಾನು ಮೋಸಹೋದದ್ದು ಇಲ್ಲಿಯೇ. ಇನ್ಸುಲಿನ್ ತೆಗೆದುಕೊಳ್ಳುವವರು ಬೆವರಿದರೆ ಗಾಳಿ ಹಾಕುವ ಮೊದಲು ಮೀಟರ್ ತೆಗೆಯಿರಿ. ಮೀಟರ್ ಕೈಗೆ ಸಿಗದಿದ್ದರೆ ಸಕ್ಕರೆ ಇಳಿದಿದೆ ಎಂದೇ ತಿಳಿಯಿರಿ.

70ಕ್ಕಿಂತ ಕೆಳಗಿದ್ದರೆ ಮೂರು ಸಣ್ಣ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ. ಇಲ್ಲವೇ 150 ಮಿಲಿಲೀಟರಿನಷ್ಟು ಹಣ್ಣಿನ ರಸ. ಡಯಟ್ ಎಂದು ಬರೆದ ಪಾನೀಯ ಇಲ್ಲಿ ಉಪಯೋಗಕ್ಕಿಲ್ಲ. ಚಾಕೊಲೇಟ್‌ನಲ್ಲಿ ಕೊಬ್ಬಿರುವುದರಿಂದ ಅದರ ಸಕ್ಕರೆ ನಿಧಾನವಾಗಿ ಸೇರುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಮತ್ತೊಮ್ಮೆ ಕೊಡಿ. ಏರಿದ ಮೇಲೆ ಬ್ರೆಡ್ಡೋ ಕುಬೂಸೋ ತಿನ್ನಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಒಂದು ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಸೌದಿಯಲ್ಲಿ 997, ಯುಎಇಯಲ್ಲಿ 998, ನಮ್ಮಲ್ಲಿ 108.

ನೀರಿನ ವಿಷಯದಲ್ಲಿ ನಾವು ಹೆಂಗಸರು ಮಾಡುವ ಒಂದು ತಪ್ಪಿದೆ. ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರು ಕುಡಿಯುವುದನ್ನೇ ಬಿಡುತ್ತೇವೆ. ನೀರು ಕಡಿಮೆಯಾದರೆ ರಕ್ತದಲ್ಲಿ ಸಕ್ಕರೆ ದಟ್ಟವಾಗುತ್ತದೆ, ಸಕ್ಕರೆ ಏರಿದರೆ ಮೂತ್ರ ಹೆಚ್ಚಿ ಮೈಯ ನೀರು ಇನ್ನೂ ಹೋಗುತ್ತದೆ. ದಾರಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಹೊರಡುವ ಮುಂಚೆಯೇ ಗಂಡಸರಿಗೆ ಹೇಳಿಬಿಡಿ. ನಮ್ಮ ದೀನ್ ಪ್ರಯಾಣಿಕರಿಗೆ ನಮಾಝನ್ನೂ ಹಗುರ ಮಾಡಿಕೊಟ್ಟಿದೆ. ರೋಗಿಗಾಗಿ ಕಾರು ನಿಲ್ಲಿಸುವುದು ನಮಗೆ ಭಾರವಾಗಬೇಕೇ?

ಪಾದಗಳ ಬಗ್ಗೆಯೂ ಒಂದು ಮಾತು. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಅಂಗಾಲಿನ ಸ್ಪರ್ಶ ಮಂದವಾಗಿರುತ್ತದೆ. ಕಾದ ಮರಳು, ಸಮುದ್ರ ತೀರ, ಮಧ್ಯಾಹ್ನದ ಅಂಗಳದ ಕಲ್ಲು ಸುಟ್ಟರೂ ಗೊತ್ತಾಗುವುದಿಲ್ಲ. ಬರಿಗಾಲಿನಲ್ಲಿ ನಡೆಯಬೇಡಿ. ಉಮ್ರಾಕ್ಕೆ ಹೋಗುವವರು ಸಫಾ ಮರ್ವಾ ನಡುವಿನ ಏಳು ನಡಿಗೆ ಸೇರಿ ಮೂರು ಕಿಲೋಮೀಟರ್ ದಾಟುತ್ತದೆ ಎಂಬುದನ್ನು ಮರೆಯಬೇಡಿ. ಇಹ್ರಾಮಿನಲ್ಲಿ ಹೆಂಗಸರು ಕಾಲುಚೀಲ ಹಾಕಿಕೊಳ್ಳಬಹುದು, ಹಾಕಿಕೊಳ್ಳಿ. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮುಚ್ಚಿಡಿ. ನೆಂಟರ ಮನೆಯ ಕಸ ಎತ್ತುವವರ ಕೈಗೂ ಜೀವವಿದೆ.

ಮುಚ್ಚಿಡುವುದು ಲಜ್ಜೆಯಲ್ಲ

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯ ಮಾತು ಉಳಿದಿದೆ. ಅಂದು ಉಮ್ಮನನ್ನು ಅಪಾಯಕ್ಕೆ ದೂಡಿದ್ದು ಬಿಸಿಲೊಂದೇ ಅಲ್ಲ, ನಮ್ಮ ಗುಟ್ಟು ಕೂಡ. ಗುಟ್ಟಿಗಾಗಿ ಅವರು ಅರೆಹೊಟ್ಟೆಯಲ್ಲಿ ಹೊರಟರು, ಗುಟ್ಟಿಗಾಗಿ ಪೆನ್ನನ್ನು ಕಾರಿನಲ್ಲಿ ಅಡಗಿಸಿದರು, ಗುಟ್ಟಿಗಾಗಿ ನಡುಗುತ್ತಲೂ ಬಾಯಿ ಬಿಡಲಿಲ್ಲ. ಮದ್ರಸದಲ್ಲಿ ಹೆಣ್ಣುಮಕ್ಕಳಿಗೆ ಲಜ್ಜೆಯ ಪಾಠ ಹೇಳುವವಳು ನಾನು. ಅಂದಿನಿಂದ ಆ ಪಾಠಕ್ಕೆ ಒಂದು ಮಾತು ಸೇರಿಸುತ್ತಿದ್ದೇನೆ. ಚುಚ್ಚಿಕೊಳ್ಳುವಾಗ ಮರೆಗೆ ಹೋಗುವುದು ಲಜ್ಜೆ. ಕಾಯಿಲೆಯನ್ನು ಜೊತೆಯವರಿಂದ ಮುಚ್ಚಿಡುವುದು ಲಜ್ಜೆಯಲ್ಲ, ಅಲ್ಲಾಹನು ಕೊಟ್ಟ ಅಮಾನತ್ತಾದ ದೇಹಕ್ಕೆ ಮಾಡುವ ಅನ್ಯಾಯ.

"ಸೂಜಿಗೆ ಬಂತು ಎಂದರೆ ಕೊನೆಯ ಹಂತ" ಎಂದು ನಮ್ಮಲ್ಲಿ ಹೇಳುತ್ತಾರೆ. ಇದು ಸುಳ್ಳು. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೋದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಅಂಥ ಮಕ್ಕಳಿಗೆ ಉಪವಾಸ ಕೆಡವುವುದೊಂದೇ ಚಿಕಿತ್ಸೆ. ಆ ಹುಡುಗ ಆಮೇಲೆ ಹದಿಮೂರು ವರ್ಷ ಬದುಕಿದ. ಸೂಜಿ ಬದುಕಿನ ಕೊನೆಯಲ್ಲ, ಬದುಕಿಗೆ ಸಿಕ್ಕಿದ ಆಸರೆ.

ಅಲ್ ಅಹ್ಸಾದಿಂದ ಮರಳಿದ ರಾತ್ರಿ ತಮ್ಮನ ಹೆಂಡತಿ ಉಮ್ಮನ ಪಕ್ಕ ಕುಳಿತು, "ಮಾಮಿ, ನನಗೆ ಒಂದು ಮಾತು ಹೇಳಿದ್ದರೆ ನಾಷ್ಟಾ ಬೇಗ ಮಾಡುತ್ತಿದ್ದೆನಲ್ಲ" ಎಂದು ಕಣ್ಣು ಒರೆಸಿಕೊಂಡಳು. ಅವಳ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಕೈಚೀಲ ತೆರೆದು ಮಾತ್ರೆಯ ಪಟ್ಟಿಯೊಂದನ್ನು ತೋರಿಸಿದರು. "ನನಗೂ ಇದೆ, ಆರು ವರ್ಷವಾಯಿತು. ನಿಮ್ಮ ಮುಂದೆ ಹೇಳುವುದು ಹೇಗೆ ಎಂದು ಅಡುಗೆಮನೆಯಲ್ಲಿ ನುಂಗುತ್ತಿದ್ದೆ" ಎಂದರು. ಇಬ್ಬರು ಹಿರಿಯರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು. ಮರುದಿನದಿಂದ ಇಬ್ಬರದ್ದೂ ಒಂದೇ ಮೀಟರ್, ಸೂಜಿ ಮಾತ್ರ ಬೇರೆ ಬೇರೆ.

ಈ ಸಲ ಸೂಟ್‌ಕೇಸು ಕಟ್ಟುವಾಗ ನೀವೂ ಹಪ್ಪಳದ ಲೆಕ್ಕದ ಜೊತೆಗೆ ಇದನ್ನೂ ಬರೆದುಕೊಳ್ಳಿ. ಇನ್ಸುಲಿನ್ ಬಿಸಿಲಿನಿಂದ ಮರೆಯಾಗಿರಲಿ, ಕಾಯಿಲೆ ಜೊತೆಯವರಿಂದ ಮರೆಯಾಗದಿರಲಿ. ಅಲ್ಲಾಹನು ನಿಮ್ಮ ಪ್ರಯಾಣವನ್ನು ಸುಗಮಗೊಳಿಸಲಿ, ಆರೋಗ್ಯದೊಂದಿಗೆ ಮನೆಗೆ ಮರಳಿಸಲಿ. ಆಮೀನ್.